ಕೆಳಗಿನ ಮೆಟ್ಟಿಲು

ಆ ಕೆಳಗಿನ ಮೆಟ್ಟಿಲ ಮೇಲೆ ಬೇಡ ಅಂದೆನಲ್ಲ, ಅಲ್ಮೀಡಾ! ಜಗಲಿ ಮೇಲೆ ಎರಡೆರಡು ತೂಗುಕುರ್ಚಿ ಖಾಲಿ ಬಿದ್ದಿವೆ. ಲವಿನಿಯಾ ಬ್ರಾಟನ್ ನೆಂಟರನ್ನ ಮೆಟ್ಟಿಲ ಮೇಲೆ ಕೂರಿಸಿ ಮಾತಾಡಿಸಿದಳು ಅಂತ ಊರವರು ಆಡ್ಕೋಬೇಕಾ? ಮೇಲೆ ಬಾ... ಬರಲ್ವಾ? ಸರಿ. ನಿಮ್ಮ ಕಡೆಯವರ ಹಟ ನನಗೆ ಹೊಸದಲ್ಲ. ಇರು, ಮಜ್ಜಿಗೆ ತರ್ತೀನಿ. ಬೆಟ್ಟ ಇಳಿದು ಬಂದಿದ್ದೀಯ, ಜಗಳ ಆಡೋಕಾದ್ರೂ ಗಂಟಲು ಒದ್ದೆ ಇರಬೇಕು.

ತಗೋ, ಹಿಡಿ.

ಈಗ ಕೇಳು. ನಿಮ್ಮಮ್ಮ, ರೋಡಾ ಚಿಕ್ಕಮ್ಮ, ತೀರಿ ಹೋದ್ರು, ನನಗೂ ದುಃಖ ಇದೆ. ಹುಬ್ಬು ಏರಿಸಬೇಡ, ಇದೆ! ಹೂವು ಕಳಿಸ್ತೀನಿ, ಹಂದಿ ತೊಡೆ ಬೇಯಿಸಿ ಕಳಿಸ್ತೀನಿ, ಪ್ರಾರ್ಥನೆಗೆ ಬಂದು ಮುಂದಿನ ಸಾಲಲ್ಲೇ ಕೂರ್ತೀನಿ. ಆದರೆ ನಿಮ್ಮಮ್ಮನ್ನ ನಮ್ಮ ದಿಬ್ಬದ ಸ್ಮಶಾನದಲ್ಲಿ ಹೂಳೋಕೆ ಬಿಡಲ್ಲ. ಬೆಳಗ್ಗೆ ಗುಂಡಿ ತೋಡೋರನ್ನ ವಾಪಸ್ ಕಳಿಸಿದ್ದು ನಾನೇ. ಹೌದು, ನಾನೇ. ಗೇಟಿನ ಬೀಗದ ಕೈ ಈ ಜೇಬಲ್ಲಿದೆ, ಇಲ್ಲೇ ಇರುತ್ತೆ. ನೀನು ನಾಳೆ ಶವಪೆಟ್ಟಿಗೆ ತಂದು ಬಾಗಿಲಲ್ಲಿಟ್ಟು ಅತ್ತರೂ ಅಷ್ಟೇ.

ನಿಯಮ ಅಂದ್ರೆ ನಿಯಮ. ಹಿರಿಯ ಹ್ಯೂ ಬ್ರಾಟನ್, ಅವನ ಧರ್ಮಪತ್ನಿ ಮಾರ್ಗರೆಟ್. ಆ ಇಬ್ಬರ ಸಂತಾನಕ್ಕೆ ಮಾತ್ರ ಆ ದಿಬ್ಬ. ಈ ನಿಯಮ ನಾನು ಮಾಡಿದ್ದಲ್ಲ... ಬರೆದಿಟ್ಟವಳು ನಾನಿರಬಹುದು, ಅದು ಬೇರೆ ಮಾತು! ಯಾರಾದ್ರೂ ಬರೀಬೇಕಲ್ಲ? ಈ ಮನೆತನದಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲ ಹೆಂಗಸು ನಾನು. ಈ ವರ್ಜೀನಿಯಾ ಇನ್ನೂ ಇಂಗ್ಲೆಂಡಿನ ರಾಜನದ್ದಾಗಿದ್ದಾಗ ಹ್ಯೂ ಬ್ರಾಟನ್ ಐರ್ಲೆಂಡಿನ ಅಲ್‌ಸ್ಟರ್ ಬಿಟ್ಟ, ಹಡಗಲ್ಲಿ ಫಿಲಡೆಲ್ಫಿಯಾಕ್ಕೆ ಬಂದು ಇಳಿದ, ಗಾಡಿರಸ್ತೆ ಹಿಡಿದು ಈ ಕಣಿವೆಗೆ ಬಂದ. ಕೊಡಲಿಯಿಂದ ಕಾಡು ಕಡಿದ, ಪ್ರಾರ್ಥನಾ ಮಂದಿರ ಕಟ್ಟಿದ, ಸಭೆಯ ಹಿರಿಯನಾದ. ಹೆಂಡತಿ ಜೊತೆಗೆ ಬಂದ. ಒಬ್ಬಳೇ ಹೆಂಡತಿ! ಇದನ್ನ ಒಟ್ಟುಮಾಡೋಕೆ ನಾನು ಅರ್ಧ ಆಯಸ್ಸು ಸವೆಸಿದ್ದೀನಿ. ನಿಮ್ಮವರು ಆಗ ಏನು ಮಾಡ್ತಿದ್ರು? ಕಲ್ಲಿದ್ದಲ ಊರಲ್ಲಿ ಪಿಟೀಲು ಕುಯ್ಯುತ್ತಿದ್ರು.

ಏನು, ಅದೇ ಕತೆಯಾ? ನೀನು ಹೇಳೋದು ಬೇಡ, ನಾನೇ ಹೇಳ್ತೀನಿ, ನನಗೆ ಬಾಯಿಪಾಠ ಆಗಿದೆ. ಒನೋರ ಡೆವನಿ! ಹಡಗಲ್ಲಿ ಬಂದ ಐರಿಷ್ ಹುಡುಗಿ. ದಾರಿಖರ್ಚಿಗೆ ತನ್ನನ್ನೇ ಒತ್ತೆ ಇಟ್ಟು ಬಂದ ಆಳು. ಹ್ಯೂ ಅವಳನ್ನ ಬಂದರಿನಲ್ಲಿ ಕೊಂಡ್ಕೊಂಡನಂತೆ, ದುಡಿಸಿಕೊಂಡನಂತೆ, ಆಮೇಲೆ ಅವಳ ಕೈ ಹಿಡಿದನಂತೆ! ಮಾರ್ಗರೆಟ್‌ಗಿಂತ ಮೊದಲು! ಅವಳ ಮಗನೇ ಬೆಟ್ಟದಾಚೆಗೆ ಹೋಗಿ ನಿಮ್ಮ ಮೂಲಪುರುಷ ಆದನಂತೆ. ಅಂದ್ರೆ ಏನಾಯ್ತು? ನೀವು ಹಿರೇ ಶಾಖೆ, ನಾವು ಕಿರೇ ಶಾಖೆ. ನಾನು, ಲವಿನಿಯಾ, ನಿನ್ನ ಬಾಲ ಹಿಡ್ಕೊಂಡು ಬರಬೇಕು! ಹೇಗಿದೆ?

ನಿಮ್ಮಮ್ಮ ಇದನ್ನ ಪ್ರತಿ ಕೂಟದಲ್ಲೂ ಹೇಳೋರು. ಜೋಳದ ರೊಟ್ಟಿ ಬಾಯಲ್ಲಿ ಇಟ್ಕೊಂಡೇ ಹೇಳೋರು. ಚಿಕ್ಕ ಹುಡುಗಿಯಾಗಿದ್ದಾಗ ಹ್ಯೂ ಗೋರಿ ಪಕ್ಕದಲ್ಲಿ ಒನೋರಳ ತಲೆಗಲ್ಲು ನೋಡಿದ್ರಂತೆ. ಮೇಲ್ತುದಿ ಗುಂಡಗೆ, ಅದರಲ್ಲಿ ಹುಟ್ಟೋ ಸೂರ್ಯನ ಕೆತ್ತನೆ. 'ಒನೋರ, ಹ್ಯೂ ಬ್ರಾಟನ್‌ನ ಹೆಂಡತಿ.' ಅಕ್ಷರದ ಮೇಲೆ ಬೆರಳಾಡಿಸಿ ಓದು ಕಲಿತ್ರಂತೆ. ಅಜ್ಜಿಕತೆ! ಕಲ್ಲು ಎಲ್ಲಿದೆ, ತೋರಿಸು. ಸೂರ್ಯ ಎಲ್ಲಿ ಹುಟ್ಟಿದ್ದಾನೆ, ತೋರಿಸು. ದಿಬ್ಬ ಪೂರ್ತಿ ಹುಡುಕಿದ್ದೀಯಲ್ಲ ಬೆಳಗ್ಗೆ, ಬೇಲಿ ಹಾರಿ? ಹಾರಿದ್ದು ಗೊತ್ತು. ನಿನ್ನ ಲಂಗಕ್ಕೆ ಮುಳ್ಳು ಅಂಟಿದೆ ನೋಡು.

ಏನು ಬೆರಳು ತೋರಿಸ್ತೀಯ, ದಿಬ್ಬದ ಕಡೆ? ...ಓ. ಅದಾ.

ಅದು ಗಡಿಕಲ್ಲು. ಮೊಣಕಾಲೆತ್ತರ ಕೂಡ ಇಲ್ಲದ ಕಲ್ಲು. ಕಾಲುಗಲ್ಲಂತೆ! ಗೊತ್ತು ಕಣೇ, ನನಗೇ ಪಾಠ ಹೇಳಬೇಡ, ಹಳೇ ಗೋರಿಗೆಲ್ಲ ತಲೆಕಡೆ ಒಂದು ದೊಡ್ಡ ಕಲ್ಲು, ಕಾಲುಕಡೆ ಒಂದು ಚಿಕ್ಕ ಕಲ್ಲು. ಕಾಲು ಪೂರ್ವಕ್ಕೆ, ಕಡೆಯ ದಿನ ಎದ್ದಾಗ ಮುಖ ಸೂರ್ಯನಿಗೆ. ಹ್ಯೂಗೆ ಎರಡಿದೆ, ಮಾರ್ಗರೆಟ್‌ಗೆ ಎರಡಿದೆ. ಹ್ಯೂ ಬಲಗಡೆ ಒಂದು ಕಾಲುಗಲ್ಲು ಮಾತ್ರ ನಿಂತಿದೆ, ತಲೆಗಲ್ಲು ಇಲ್ಲ. ಆಯ್ತು! ಅದರ ಮೇಲೆ ಒನೋರಳ ಹೆಸರಿನ ಮೊದಲಕ್ಷರ, ಡೆವನಿಯ ಮೊದಲಕ್ಷರ. ಆಯ್ತು! ಆ ಅಕ್ಷರದಿಂದ ಶುರುವಾಗೋ ಹೆಸರು ಲೋಕದಲ್ಲಿ ಅದೊಂದೇನಾ? ಅಲ್ಲಿ ಹುಲ್ಲು ಎತ್ತರಕ್ಕೆ ಬೆಳೆದಿರುತ್ತೆ, ಆವತ್ತು ಯಾರ ಕಣ್ಣಿಗೂ ಬೀಳಲಿಲ್ಲ...

ಬೀಳೋದೇ ಇಲ್ಲ ಅಂತ ಹೇಳ್ತಿದ್ದೆ. ಯಾವತ್ತೂ. ಯಾರ ಕಣ್ಣಿಗೂ.

ನನ್ನನ್ನ ಯಾಕೆ ಕುಂಬಳಕಾಯಿ ಕಳ್ಳಿ ಥರ ನೋಡ್ತಿದ್ದೀಯ? ನಾನು ಹೆಗಲು ಮುಟ್ಟಿ ನೋಡ್ಕೊಳ್ಳೋಳಲ್ಲ. ತಡಿ, ನಾನೇ ಕೆಳಗೆ ಬರ್ತೀನಿ. ಮುಖ ನೋಡಿ ಹೇಳ್ತೀನಿ, ಆಗಲಾದ್ರೂ ತಲೆಗೆ ಇಳಿಯುತ್ತಾ ನೋಡೋಣ. ಸ್ವಲ್ಪ ಸರಿ... ಹಾಂ. ಅಮ್ಮಾ.

ಏನು? ಯಾಕೆ ನಗ್ತೀಯ? ಕೆಳಗಿನ ಮೆಟ್ಟಿಲು ತುಳಿಯದೆ ದಾಟಿ ಇಳಿದೆ. ಅದಕ್ಕೇನೀಗ? ಮಂಡಿ ನೋವು ನನಗೆ. ಮತ್ತೆ ನಗ್ತೀಯಲ್ಲೇ! ಮಂಡಿ ನೋವಿದ್ದೋರು ಉದ್ದ ಹೆಜ್ಜೆ ಇಡಬಾರದು ಅಂತ ಎಲ್ಲಾದ್ರೂ ಇದೆಯಾ? ಕೂಟಕ್ಕೆ ಬಂದಾಗಲೂ ಇದನ್ನೇ ನೋಡ್ತಿದ್ದೆಯಾ? ಅಭ್ಯಾಸ ಅದು. ಈ ಜಗಲಿ ಕಟ್ಟಿಸಿದಾಗಿಂದ ಅಭ್ಯಾಸ.

ದಿಬ್ಬದಲ್ಲಿ ಹ್ಯೂ ಹೆಸರಿನ ಕಂಚಿನ ಫಲಕ ಹಾಕಿಸಿದ ವರ್ಷವೇ ಕಟ್ಟಿಸಿದ್ದು. ಎಷ್ಟು ಜನ ಬಂದಿದ್ರು ಗೊತ್ತಾ ಆವತ್ತು! ಹಳೇ ಮನೆತನಗಳ ಸಂಘದ ಹೆಂಗಸರು, ಬಿಳಿ ಕೈಗವಸು ಹಾಕ್ಕೊಂಡು ದಿಬ್ಬ ಹತ್ತಿದ್ರು. ಒಂದೊಂದು ಕಲ್ಲಿನ ಮುಂದೂ ನಿಂತು ಓದಿದ್ರು. ಅಂಥವರ ಕಣ್ಣೆದುರು... ಮನೆ ಚೊಕ್ಕಟವಾಗಿರಬೇಕಲ್ಲ. ಯಾರಾದ್ರೂ ನೆಂಟರು ಬರ್ತಾರೆ ಅಂದ್ರೆ ನೀನು ಗುಡಿಸಲ್ವಾ?

ಮೆಟ್ಟಿಲ ಕೆಳಗೆ ಬೆರಳು ಯಾಕೆ ತೂರಿಸ್ತಿದ್ದೀಯ? ಜೇಡ ಇರುತ್ತೆ, ಕಚ್ಚುತ್ತೆ. ತೆಗಿ ಕೈ. ಹಳ್ಳದ ದಂಡೆಯಲ್ಲಿ ಬಿದ್ದಿದ್ದ ಹಾಸುಗಲ್ಲು ಅದು. ಒಂದು ತುದಿ ಗುಂಡಗೇ ಇತ್ತು, ಹಾಗೇ ಸಿಕ್ತು. ನೀರು ಸವೆಸಿರುತ್ತೆ. ಅಡಿಯಲ್ಲಿ ಗೀರು ಗೀರು ಇದ್ರೆ ಇರಲಿ, ಗಾರೆಯವನ ಉಳಿ ತಾಕಿರುತ್ತೆ. ಅಲ್ಮೀಡಾ, ತೆಗಿ ಅಂದೆ!

ಕಣ್ಣು ಯಾಕೆ ಮುಚ್ಕೊಂಡೆ? ಓದೋರ ಥರ ಬೆರಳಾಡಿಸ್ತಾ... ಅಳ್ತಿದ್ದೀಯಾ? ಅಳಬೇಡ. ನಿಮ್ಮಮ್ಮನಿಗೆ ಊರ ಸ್ಮಶಾನದಲ್ಲಿ ಒಳ್ಳೇ ಜಾಗ ಕೊಡಿಸ್ತೀನಿ, ಮರದ ನೆರಳಲ್ಲಿ, ಖರ್ಚು ನನ್ನದೇ. ಅದಕ್ಕಿಂತ... ಅಯ್ಯೋ, ಲೋಟ! ಲೋಟ ಉರುಳಿತು, ನೋಡ್ಕೊಳ್ಳೇ! ಎಲ್ಲಾ ಕಲ್ಲಿನ ಮೇಲೇ! ಏಳು, ಏಳೇ ಮೊದಲು! ಸತ್ತವಳ ಕಲ್ಲಿನ ಮೇಲೆ ಕೂತು ಮಜ್ಜಿಗೆ ಚೆಲ್ಲೋದಾ? ನಾನು ಇಷ್ಟು ವರ್ಷ ಅದರ ಮೇಲೆ ಒಂದು ಹೆಜ್ಜೆ ಇಟ್ಟವಳಲ್ಲ...

...

ಅಂದ್ರೆ... ನಾನು ಹೇಳಿದ್ದು...

ಬಿಡು, ಯಾಕೆ ಒರೆಸ್ತೀಯ, ನಾನು ಬಟ್ಟೆ ತರ್ತೀನಿ. ನಿನ್ನ ಒಳ್ಳೇ ಲಂಗ ಅದು, ನಾಳೆಗೆ ಬೇಕು. ಅದರ ಅಂಚಲ್ಲಿ ಹಾಗೆ, ಮಗು ಮುಖ ಒರೆಸೋ ಹಾಗೆ... ಸಾಕು, ಅಲ್ಮೀಡಾ. ಸಾಕು.

ನಗು. ಆಗ ನಕ್ಕೆಯಲ್ಲ, ಈಗ ನಗು! ಬೈಯಿ. ಊರಿಗೆಲ್ಲ ಹೇಳ್ತೀನಿ ಅಂತ ಕೂಗು, ನಿಮ್ಮಮ್ಮ ಕೂಗ್ತಿದ್ರಲ್ಲ ಹಾಗೆ. ಅದಕ್ಕೆ ಉತ್ತರ ನನ್ನ ಹತ್ತಿರ ಇದೆ. ಎಲ್ಲಕ್ಕೂ ಇದೆ.

ಹೀಗೆ ಕೈ ಚಾಚಿಕೊಂಡು ನನ್ನ ಜೇಬನ್ನೇ ನೋಡ್ತಾ ಮಾತ್ರ ನಿಲ್ಲಬೇಡ.