ಕೈ ಬಿಟ್ಟರೂ ಇಳಿದ ಗ್ಲೈಡರ್

ಸಭೆಗೆ ಬಂದಿರುವ ಹಿರಿಯರೇ, ಬನಹಟ್ಟಿಯ ನೇಕಾರ ಬಂಧುಗಳೇ, ನಮ್ಮ ಸಾಲಿಯ ಸಹೋದ್ಯೋಗಿಗಳೇ — ಮುಂದ ಕೂತಿರೋ ಪದ್ಮವ್ವನವರೇ, ನಿಮಗೆಲ್ಲ ನಮಸ್ಕಾರ. ವಿಜ್ಞಾನದ ಗಿರಮಲ್ಲಪ್ಪ ಮಾಸ್ತರು ಹೋದರು ಅನ್ನೋದು ನನಗ ಇನ್ನೂ ಖರೆ ಅನಸವಲ್ದು. ನಾನು ಅವರ ಜೋಡಿ ಡ್ರಾಯಿಂಗ್ ಮಾಸ್ತರ. ಹೋದ ರವಿವಾರ ಅವರು ಕಡೀ ಸಲ ಹಾರಿದಾಗ ಅನಗವಾಡಿ ಹೊಳಿ ದಂಡಿಯೊಳಗ ನಾ ಇದ್ದೆ.

ಅವರು ಕಟ್ಟಿದ ಮೋಟರ್ ಗ್ಲೈಡರ್ — ಅಂಥಾದ್ದು ಇನ್ನೊಂದಿಲ್ಲರಿ. ಹಳೇ ಮೋಟರ್‌ಸೈಕಲ್ಲಿನ ಎಂಜಿನ್ನು, ಬಿದಿರಿನ ಎಲುಬು, ಅದರ ಮ್ಯಾಲೆ ಅವರ ಮನಿಯವರು ಪದ್ಮವ್ವನವರು ನೇಯ್ದ ಬಟ್ಟಿ. ರೆಕ್ಕಿ ಇಲ್ಲಿಂದ — ಆ ಬಾಗಿಲತನಕ. ತುದಿ ಎರಡೂ ಹಿಂಗ, ಚೂರು ಮ್ಯಾಕ್ಕ. ಯಾಕ ಸರ ಅಂದೆ. "ಏರಾಕ ಎಂಜಿನ್ನು, ತೇಲಾಕ ರೆಕ್ಕಿ. ಕೈ ಬಿಟ್ಟರೂ ತಾನ ಸಮ ಆಗಬೇಕು. ಮನಷ್ಯಾ ತಪ್ಪತಾನು, ಮಷೀನು ತಪ್ಪಬಾರದು" ಅಂದ್ರು.

ನಾವು ಬನಹಟ್ಟಿ ಮಂದಿ. ಬಟ್ಟಿ ಬಿಗಿ ಆಗಬೇಕಂದ್ರ ನಮಗ ಗೊತ್ತಿರೋದು ಒಂದ — ಗಂಜಿ. ರೆಕ್ಕಿಗೂ ಗಂಜಿನ ಬಳದ್ರು. ಮುಂಜಾನೆದ್ದು ನೋಡಿದ್ರ ಮಗ್ಗಲ ಮನಿ ಎಮ್ಮಿ ಅರ್ಧ ರೆಕ್ಕಿ ನೆಕ್ಕಿತ್ತು. ನಗ್ರಿ, ಅವರೂ ನಕ್ಕಿದ್ರು. "ಗಂಜಿ ರುಚಿ ಆಗೇತಿ ಅಂತಾತು" ಅಂದು ಮತ್ತ ಬಳದು, ಮ್ಯಾಲೆ ವಾರ್ನಿಷ್ ಹೊಡದ್ರು.

ಈಗ ಅದ ಮಾತು ಹಿಡದು ಊರ ಮಂದಿ ಏನಂತಾರ? ಗಂಜಿ ಬಟ್ಟಿ ಹರೀತು, ಮಾಸ್ತರ ಬಿದ್ದ, ಹೇಣ್ತಿ ನೇಯ್ಗಿನ ಅವನ್ನ ಕೊಂದಿತು. ಇದು ಪದ್ಮವ್ವನವರ ಕಿವಿಗೂ ಬಿದ್ದೈತಿ. ಇನ್ನ ಮಗ್ಗ ಮುಟ್ಟೂದಿಲ್ಲ ಅಂದಾರ.

ನಾ ಕಂಡದ್ದು ಹೇಳತೇನಿ. ಹೊಳಿ ಮ್ಯಾಲೆ ಎಂಜಿನ್ನು ಬಂದ್ ಮಾಡಿದ್ರು. ಎಂದಿನಂಗ ತೇಲಿತು, ಒಂದು ಸುತ್ತು ಹಾಕಿತು, ಉಸುಕಿನ ಮ್ಯಾಲೆ — ಹಿಂಗ — ಮೆಲ್ಲಕ ಕೂತಿತು. ನಾನು ಓಡಿದೆ. "ಇಳೀರಿ ಸರ, ಚಾ ಆರತೈತಿ" ಅಂದೆ. ಇಳೀಲಿಲ್ಲ. ಕೈ ಎರಡೂ ತೊಡಿ ಮ್ಯಾಲಿದ್ದವು.

ಎದಿ ನಿಂತೈತಿ, ನೆಲಾ ಮುಟ್ಟೂದ್ರೊಳಗ ಜೀವ ಹೋಗೇತಿ ಅಂದ್ರು ಡಾಕ್ಟರು. ಮೈಮ್ಯಾಲೆ ಒಂದು ಗೀರಿಲ್ಲ.

ಇದ ಕೈಲೆ ರೆಕ್ಕಿ ಪೂರಾ ಸವರೀನಿ, ಪದ್ಮವ್ವನವರ. ಒಂದು ಎಳಿ ಹರದಿಲ್ಲ. ನಿಮ್ಮ ಬಟ್ಟಿ ಅವರನ್ನ ಬೀಳಿಸಿಲ್ಲ. ಕೈ ಬಿಟ್ಟ ಮನಷ್ಯಾನ್ನ ಹೊತ್ತು ತಂದು ಇಳಿಸೇತಿ.

ಮೊದಲನೇ ಸಲ ಹಾರಿ ಬಂದಾಗ ಕೇಳಿದ್ದೆ, ಎಂಜಿನ್ನು ಬಂದ್ ಆದ ಮ್ಯಾಲೆ ಅಲ್ಲಿ ಏನ ಕೇಳಸ್ತೈತಿ ಸರ ಅಂತ. "ಏನಿಲ್ಲ. ಆಕಿ ಬಟ್ಟಿ ಮ್ಯಾಲೆ ಗಾಳಿ" ಅಂದಿದ್ರು.

ಓಣಿಯ ಮಗ್ಗ ಎಲ್ಲಾ ಬಂದ್ ಮಾಡ್ಯಾರ. ದಯವಿಟ್ಟು ಎಲ್ಲಾರೂ ಎದ್ದು ನಿಲ್ರಿ — ಅವರು ಕೇಳಿದ್ದನ್ನ ನಾವೂ ಒಂದೀಟು ಕೇಳೋಣು.