ಪರದೆ ಹಿಂದಿನ ಎಡಗೈ

…ಟಾಕೀಸು ಅಂದ್ರೆ ಗೋಡೆ ಗೀಡೆ ಇತ್ತು ಅನ್ಕಂಡ್ಯೇನ್ಲಾ? ಬಯಲು ಕಣ್ಲಾ, ಬರೀ ಬಯಲು! ಯುದ್ಧದ ಕಾಲ, ಸಿರಾ ರಸ್ತೆ ಪಕ್ಕ ದಂಡಿನೋರು ಡೇರೆ ಹಾಕ್ಕಂಡಿದ್ರು. ನಮ್ಮೂರಲ್ಲಿ ಸೀಮೆಎಣ್ಣೆ ಸಿಕ್ತಿರ್ಲಿಲ್ಲ, ಸೀರೆಗೂ ಕಂಟ್ರೋಲು, ಚೀಟಿ ಇದ್ರೇ ಸಿಗೋದು, ಹೊತ್ತು ಮುಳುಗ್ತಿದ್ದಂಗೆ ಉಂಡು ಕತ್ತಲಲ್ಲಿ ಬಿದ್ಕಳದೇ. ಬೆಳಕು ಅನ್ನೋದು ಇದ್ದಿದ್ದು ಆ ಕ್ಯಾಂಪಲ್ಲಿ ಮಾತ್ರ. ಶನಿವಾರ ಶನಿವಾರ ಸಿಪಾಯಿಗಳಿಗೆ ಪಿಚ್ಚರ್ ತೋರ್ಸೋರು, ಎರಡು ಕಂಬಕ್ಕೆ ಬಿಳೀ ಪರದೆ ಕಟ್ಟಿ. ಊರೋರೂ ಬರ್ಲಿ ಅಂದಿದ್ರು ಆ ಪುಣ್ಯಾತ್ಮರು. ನಮ್ಮ ಗೌಡ್ರು, ಊರಿನ ಯಜಮಾನ್ರು, ಅವರ ಮಾತಂದ್ರೆ ಮಾತು, ಏನಂದ್ರು ಗೊತ್ತಾ? "ಹೆಂಗಸ್ರು ಸಿಪಾಯಿಗಳ ಎದುರಿಗೆ ಕೂರೋದು ಬ್ಯಾಡ, ಪರದೆ ಹಿಂದ್ಕೆ ಕೂತ್ಕಳ್ಳಿ." ಪರದೆ ಬಟ್ಟೆ ನೆನೆದಿದ್ರೆ ಹಿಂದ್ಕೂ ಪಿಚ್ಚರ್ ಬೊಂಬೆ ಚೆನ್ನಾಗಿ ಕಾಣ್ತದೆ. ಆ ನೀರು ಯಾರು ಹೊತ್ತು ಎರಚ್ಬೇಕು? ನಾವೇ! ನಾನಾಗ ಹೊಸ ಸೊಸೆ, ಬಿಂದಿಗೆ ಹೊತ್ತು ಹೊತ್ತು ಸೊಂಟ ಬಿದ್ದೋಗದು.

ಒಂದು ಶನಿವಾರದ ಪಿಚ್ಚರ್ನಾಗೆ ಒಬ್ಬ ರಾಜ. ಬಾಳೆಲೆ ಮುಂದೆ ಕೂತು ಗಬಗಬ ಅಂತ ಎಡಗೈಲಿ ಉಣ್ತಾನೆ ಕಣಮ್ಮ! ರಾಣಿ ಎಡಗೈಲಿ ಆರತಿ ಎತ್ತುತಾಳೆ. ನಮ್ಮತ್ತೆ "ಥೂ, ಎಂಥಾ ಅನಾಚಾರ!" ಅಂತ ಮುಖ ಸಿಂಡರಿಸಿದ್ರು. ಬೆಳಗ್ಗೆ ಬಾವಿತಾವ ಅದೇ ಮಾತು. ಗಂಡಸ್ರು ಬಿದ್ದು ಬಿದ್ದು ನಕ್ರು, "ಬಲಗೈಲೇ ಉಂಡ, ನಾವು ಕಣ್ಣಾರೆ ಕಂಡ್ವಿ" ಅಂತ. ಗೌಡ್ರು ಮೀಸೆ ತಿರುವ್ಕಂಡು, "ಎಡ ಯಾವ್ದು ಬಲ ಯಾವ್ದು ಅಂತ ತಿಳೀದ ಈ ಹೆಂಗಸ್ರಿಗೆ ಪಿಚ್ಚರ್ ಬೇರೆ ಕೇಡು! ಇನ್ಮೇಲೆ ಒಬ್ಬಳೂ ಹೋಗಂಗಿಲ್ಲ" ಅಂದ್ಬುಟ್ರು. ನಂಗೆ ಮೈಯೆಲ್ಲಾ ಉರ್ದೋಯ್ತು. ಪಿಚ್ಚರ್ ಹೋದ್ರೆ ಹೋಗ್ಲಿ... ಇಲ್ಲ, ಸುಳ್ಳು ಯಾಕೆ ಹೇಳ್ಲಿ, ಪಿಚ್ಚರೂ ಬೇಕಿತ್ತು! ಆದ್ರೆ ಕಂಡಿದ್ದನ್ನ ಕಂಡಂಗೆ ಹೇಳಿದ್ದಕ್ಕೆ ದಡ್ಡಿ ಅನ್ನಿಸ್ಕಬೇಕಾ?

ಮುಂದಿನ ಶನಿವಾರವೂ ಅದೇ ಪಿಚ್ಚರ್, ಬೇರೆ ಬಂದಿರ್ಲಿಲ್ಲ. ಸೆರಗು ಬಿಗಿದೆ, ಹೊರಟೆ. ಹಿಂದ್ಕಲ್ಲ, ಸೀದಾ ಮುಂದ್ಕೆ! ಗಂಡಸ್ರ ಸಾಲಿನ ಮುಂದೆ ನೆಲದ ಮೇಲೆ ಕೂತೆ. ಒಬ್ಬ ಸಿಪಾಯಿ "ಪೀಛೇ ಜಾವ್, ಪೀಛೇ!" ಅಂದ, ಹಿಂದ್ಕೆ ಹೋಗು ಅಂತ. "ಹೋಗಲ್ಲ ಕಣಪ್ಪ, ನಿನ್ ಪರದೆಗೆ ನೀರು ಹೊತ್ತೋಳು ನಾನು" ಅಂದೆ. ಅವನಿಗೇನು ತಿಳೀತೋ, ಪಕ್ಕಕ್ಕೆ ಸರಿದ. ಗೌಡ್ರು ಎದ್ದು ನಿಂತು, "ಮಾನ ಮರ್ಯಾದೆ ಐತೇನಮ್ಮೀ ನಿಂಗೆ? ಏಳು!" ಅಂತ ಕೂಗಾಡಿದ್ರು. ನಾನು ಏಳ್ಲಿಲ್ಲ. ಅಷ್ಟ್ರಲ್ಲಿ ಪಕ್ಕದಲ್ಲಿ ಯಾರೋ ದಪ್ಪಂತ ಕೂತ್ರು. ನೋಡ್ತೀನಿ, ನಮ್ಮತ್ತೆ! "ನನ್ ಸೊಸೆ ಕಣ್ಣು ಚೆನ್ನಾಗೇ ಅವೆ ಗೌಡ್ರೇ, ನನ್ ಕಣ್ಣೂವೆ" ಅಂದ್ರು.

ರಾಜ ಉಣ್ಣಕ್ಕೆ ಕೂತ. ಬಲಗೈ ಕಣ್ಲಾ! ನಾನು ಬೆಪ್ಪಾದೆ. ಗೌಡ್ರು ಗಹಗಹಿಸಿ ನಕ್ರು. ಆಗ ತಟ್ಟಂತ ಹೊಳೀತು, ಹಿಂದಿಂದ ನೋಡಿದ್ರೆ ಎಲ್ಲಾ ಅದಲು ಬದಲು ಅಲ್ವೇ! "ನಗೋದಿರ್ಲಿ ಗೌಡ್ರೇ, ಒಂದ್ ಸಲ ನಮ್ ಜಾಗಕ್ಕೆ ಹೋಗಿ, ರಾಣಿ ಆರತಿ ಎತ್ತೋದ್ನ ಅಲ್ಲಿಂದ ನೋಡಿ" ಅಂದೆ. ಜನ ಎಲ್ಲಾ "ಹೋಗಿ, ಹೋಗಿ" ಅಂದ್ರು, ಅವರು ಹೋಗದೆ ಗತಿಯಿಲ್ಲ. ಗೌಡ್ರು ಪರದೆ ಹಿಂದ್ಕೆ ಹೋದ್ರು, ರಾಣಿ ಆರತಿ ಎತ್ತಿದ್ಲು. "ಯಾವ ಕೈ ಗೌಡ್ರೇ?" ಅಂತ ನಮ್ಮತ್ತೆ ಕೂಗಿದ್ರು. ಪರದೆ ಹಿಂದಿಂದ ಸಣ್ಣ ದನಿ, "ಎಡಗೈ."

ಅವತ್ತಿಂದ ಊರ ಹೆಂಗಸ್ರೆಲ್ಲಾ ಮುಂದ್ಕೇ ಕೂತ್ವಿ, ನೀರೂ ಹೊರ್ಲಿಲ್ಲ. ಯಾರಾದ್ರೂ ನಿಂಗೇನೂ ತಿಳೀದು ಅಂದ್ರೆ ತಲೆ ತಗ್ಗಿಸ್ಬ್ಯಾಡ್ರಿ ಮಕ್ಳಾ. ನೀವು ಕೂತಿರೋ ಜಾಗದಾಗೆ ಅವರನ್ನೂ ಒಂದ್ಗಳಿಗೆ ಕರ್ದು ಕೂರ್ಸಿ. ಹೂಂ, ಏಳಿ, ಮುದ್ದೆ ಆರೋಗ್ತದೆ.