ಒಂದೇ ತೋಡಿಗೆ ಇಳಿದವರು

ಮಣಿಪಾಲದ ಆಸ್ಪತ್ರೆಯೊಂದರಲ್ಲಿ ನನ್ನ ಪಕ್ಕದ ಬೆಂಚಿನಲ್ಲಿ ಇಬ್ಬರು ಹೆಂಗಸರು ಕೂತಿದ್ದರು. ಅವರಲ್ಲೊಬ್ಬಳಾದ ಅಂಬವ್ವನ ಗಂಡ ಒಳಗೆ ವಾರ್ಡಿನಲ್ಲಿದ್ದ. ಇನ್ನೊಬ್ಬರು ಅವನು ಕೂಲಿ ಮಾಡುತ್ತಿದ್ದ ಹಿರಿಯಡ್ಕದ ಮನೆಯ ಯಜಮಾನಿ; ಬುತ್ತಿ ತಂದಿದ್ದರು.

“ಡಾಕ್ಟ್ರು ಎಂತ ಹೇಳಿದ್ರು ಅಂಬವ್ವ? ಕಾಮಾಲೆಯೇ ಅಲ್ವಾ?”

“ಅಲ್ಲಂತ್ರೀ ಅಕ್ಕಾರ. ಇಲಿ ಜ್ವರ ಅಂದ್ರು. ಇಲಿ ಉಚ್ಚಿ ಬೆರೆತ ನೀರು ಕಾಲಿನ ಗಾಯದಾಗ ಹೊಕ್ಕೈತಂತ.”

“ಕಣ್ಣು ಹಳದಿ ಇತ್ತಲ್ಲ ಮಾರಾಯ್ತಿ! ಅದಕ್ಕೇ ನಾನು ಪಂಡಿತರ ಸೊಪ್ಪಿನ ಮದ್ದು ಕುಡಿಸಿದ್ದು.”

“ನೀವು ಒಳ್ಳೇದಕ್ಕ ಮಾಡಿದ್ರಿ. ಅಷ್ಟರಾಗ ಕಿಡ್ನಿ ಕೆಟ್ಟಾವಂತ. ಮೊದಲ ಬಂದಿದ್ರ ಗುಳಿಗಿಯಾಗ ವಾಸಿ ಆಗ್ತಿತ್ತಂತ.”

ಯಜಮಾನಿ ಬುತ್ತಿಯನ್ನು ಮಡಿಲಿಗೆ ಎಳೆದುಕೊಂಡರು.

“ಮೊದಲು ಹಳದಿಯೇ ಇರಲಿಲ್ಲ. ಹೇಗೆ ಗೊತ್ತಾಗ್ಬೇಕು?”

“ಜ್ವರ ಇತ್ರೀ. ಕಾಲಿನ ಮೀನಖಂಡ ಹಿಡಕೊಂಡು ನರಳತಿದ್ರು. ಕೆಲಸದ ದಣಿವು ಅಂತ ನಾ ಎಣ್ಣಿ ತಿಕ್ಕಿದೆ.”

“ಮೀನಖಂಡವಾ?”

“ಹೂನ್ರೀ. ಅದೂ ಈ ಜ್ವರದ್ದೇ ಅಂತ. ಯಾವ ನೀರಿಗೆ ಇಳಿದಿದ್ರು ಅಂತ ಕೇಳಿದ್ರು. ನಿಮ್ಮ ಮನಿ ಹಿಂದಿನ ತೋಡಿನ ಹೂಳು ತಗ್ಯಾಕ ಅಂದೆ. ಜೊತಿಗೆ ಯಾರು ಇಳಿದಿದ್ರು ಅಂತನೂ ಕೇಳಿದ್ರು.”

ಯಜಮಾನಿ ಬುತ್ತಿಯನ್ನು ಬೆಂಚಿನ ಮೇಲಿಟ್ಟರು.

“ನಮ್ಮ ಯಜಮಾನರೇ ಇಳಿದಿದ್ರು. ನಿನ್ನೆಯಿಂದ ಜ್ವರ ಉಂಟು. ಕಾಲುನೋವು ಅಂದದ್ದಕ್ಕೆ ನಾನೂ ಎಣ್ಣೆ ತಿಕ್ಕಿಯೇ ಬಂದದ್ದು.”

“ಕಣ್ಣು ಹಳದಿ ಆಗೂತನಕ ಕಾಯಬ್ಯಾಡ್ರೀ ಅಕ್ಕಾರ.”

ಯಜಮಾನಿ ಮನೆಗೆ ಕರೆ ಮಾಡಲು ಫೋನು ತೆಗೆದರು. ಅಂಬವ್ವ ಅವರ ತೋಳು ಹಿಡಿದು ಡಾಕ್ಟರ ಕೋಣೆಯತ್ತ ನಡೆಸಿಕೊಂಡು ಹೋದಳು. ಬುತ್ತಿ ಬೆಂಚಿನ ಮೇಲೆಯೇ ಉಳಿಯಿತು.